ಗೋಲ್‌ಕೀಪರನ ತಲೆ

ಶಾಲಾ ಫುಟ್‌ಬಾಲ್ ತಂಡ ಕಟ್ಟುವಾಗ ಗೋಲ್‌ಕೀಪರ್ ಆಗಲು ತಾನಾಗಿ ಮುಂದೆ ಬರುವ ಹುಡುಗರು ಕಡಿಮೆ. ಗೋಲು ಹೊಡೆದವನಿಗೆ ಚಪ್ಪಾಳೆ, ಬಿಟ್ಟವನಿಗೆ ಬೈಗುಳ. ನುಗ್ಗಿ ಬರುವವನ ಕಾಲಿನತ್ತ ಹಾರಿ ಚೆಂಡು ಹಿಡಿಯಬೇಕಾದವನೂ ಅವನೇ. ಅಂಥ ಒಬ್ಬನ ಕಥೆ ಕೇಳಿ.

ಸ್ಕಾಟ್‌ಲೆಂಡಿನ ಜಾನ್ ಥಾಮ್ಸನ್ ಹುಟ್ಟಿದ್ದು 1909ರಲ್ಲಿ. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಯ ಕೆಲಸಕ್ಕೆ ಹೋದ. 1926ರಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಅವನನ್ನು ಸೇರಿಸಿಕೊಂಡಿತು. 1927 ಮತ್ತು 1931ರಲ್ಲಿ ಸ್ಕಾಟಿಷ್ ಕಪ್ ಗೆದ್ದ ತಂಡದಲ್ಲಿದ್ದ. ದೇಶದ ಪರವಾಗಿ ನಾಲ್ಕು ಪಂದ್ಯ ಆಡಿದ. 1930ರಲ್ಲಿ ಆಡುವಾಗಲೇ ದವಡೆ, ಪಕ್ಕೆಲುಬು ಮುರಿದವು. ಗುಣವಾದೊಡನೆ ಮತ್ತೆ ಮೈದಾನಕ್ಕೆ ಬಂದ.

1931ರ ಸೆಪ್ಟೆಂಬರ್ 5ರಂದು ರೇಂಜರ್ಸ್ ವಿರುದ್ಧದ ಪಂದ್ಯ. ಸ್ಯಾಮ್ ಇಂಗ್ಲಿಷ್ ಎಂಬ ಆಟಗಾರ ಚೆಂಡಿನೊಂದಿಗೆ ನುಗ್ಗಿದ. ಥಾಮ್ಸನ್ ಅವನ ಕಾಲಿನತ್ತ ಹಾರಿದ. ಮೊಣಕಾಲು ತಲೆಗೆ ತಾಗಿ ಬುರುಡೆ ಒಳಕ್ಕೆ ಕುಸಿಯಿತು. ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 22. ವಿಚಾರಣೆಯಲ್ಲಿ ಇದು ಆಕಸ್ಮಿಕ ಎಂದೇ ತೀರ್ಮಾನವಾಯಿತು. ಆದರೂ ಪ್ರೇಕ್ಷಕರು ಇಂಗ್ಲಿಷ್‌ನನ್ನು ವರ್ಷಗಟ್ಟಲೆ ಹಂಗಿಸಿದರು. 1938ರಲ್ಲಿ ಆತ ಆಟವನ್ನೇ ಬಿಟ್ಟ.

ವಿದ್ಯಾರ್ಥಿಗಳೇ, ಕೈಗೆ ಪೆಟ್ಟಾದರೆ ಅದು ಹೊರಕ್ಕೆ ಊದುತ್ತದೆ. ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಒಳಗೆ ರಕ್ತ ಸುರಿದರೆ ಅದಕ್ಕೆ ಜಾಗವಿಲ್ಲ, ಮೆದುಳನ್ನೇ ಒತ್ತುತ್ತದೆ. ಹೊರಗೆ ಗಾಯವಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು, ಫಿಟ್ಸ್ ಕಂಡರೆ ಆಸ್ಪತ್ರೆಗೆ ಒಯ್ಯಲು ತಡಮಾಡಬಾರದು. ಕೆಲವು ಗಂಟೆ ಚೆನ್ನಾಗಿದ್ದು ಆಮೇಲೆ ಕುಸಿಯುವುದೂ ಉಂಟು.

ಮೈದಾನದ ಅಪಾಯ ತಲೆಗೆ ಮಾತ್ರವಲ್ಲ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಮೋಹನ್ ಬಾಗನ್ ಗೋಲ್‌ಕೀಪರ್ ಸುಬ್ರತೊ ಪಾಲ್‌ಗೆ ಡಿಕ್ಕಿಯಾಗಿ ಬಿದ್ದ, ಮತ್ತೆ ಏಳಲಿಲ್ಲ. ಬಿದ್ದವನು ಎಚ್ಚರವಿಲ್ಲದೆ, ಉಸಿರಾಡದೆ ಇದ್ದರೆ 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಬೇಕು. ಆ್ಯಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು.

ಪಾಲಕರೇ, ಇದನ್ನೋದಿ ಮಗನನ್ನು, ಮಗಳನ್ನು ಆಟದಿಂದ ಬಿಡಿಸಬೇಡಿ. ತಾಲೂಕು ಕ್ರೀಡಾಕೂಟ ಕಲಬುರಗಿಯಲ್ಲಿರಲಿ, ಕಮಲಾಪುರದಲ್ಲಿರಲಿ, ಪ್ರಥಮ ಚಿಕಿತ್ಸೆ ಬಲ್ಲವರು ಯಾರಿದ್ದಾರೆ ಎಂದು ಮೊದಲೇ ವಿಚಾರಿಸಿ. ತಲೆಗೆ ಪೆಟ್ಟಾಗಿ ತಬ್ಬಿಬ್ಬಾದ ಮಗು ಅಂದು ಮತ್ತೆ ಆಡಕೂಡದು. ಫೈನಲ್ ಇದ್ದರೂ ಅಷ್ಟೆ. ಎಚ್ಚರ ತಪ್ಪಿದವರ ಕತ್ತು ಅಲುಗಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ತಲೆಗೆ ಪೆಟ್ಟಾದವರಿಗೆಂದೇ ಹೆಚ್ಚುವರಿ ಬದಲಿ ಆಟಗಾರನನ್ನು ಇಳಿಸುವ ಅವಕಾಶ 2024ರಿಂದ ಫುಟ್‌ಬಾಲ್ ನಿಯಮಗಳಲ್ಲೇ ಇದೆ.

ಇನ್ನೊಂದು ಮಾತು. ಡಿಕ್ಕಿಯಾದಾಗ ಬಿದ್ದವನ ಜೊತೆಗೆ, ತಾಗಿಸಿದ ಹುಡುಗನ ಹೆಗಲ ಮೇಲೂ ಒಬ್ಬರು ಕೈಯಿಡಿ. ಸ್ಯಾಮ್ ಇಂಗ್ಲಿಷ್‌ಗೆ ಪ್ರೇಕ್ಷಕರಿಂದ ಅದು ಸಿಗಲಿಲ್ಲ.