ನಮಗೆ ವೇಷ ಬೇಡ, ಅರ್ಥ ಬೇಕು

ಈ ಸಲದ ವಾರ್ಷಿಕೋತ್ಸವಕ್ಕೆ ಏನು ಮಾಡುವುದು ಅಂತ ನಮ್ಮ ಸಾಹಿತ್ಯ ಮಂಡಳಿಯ ಸಭೆಯಲ್ಲಿ ಮೊನ್ನೆ ಚರ್ಚೆಯಾಯಿತು. 'ಯಕ್ಷಗಾನ' ಅಂದರು ಎಲ್ಲರೂ ಒಂದೇ ಬಾಯಿಯಲ್ಲಿ. ನಮ್ಮಲ್ಲಿ ಯಕ್ಷಗಾನ ಅಂದರೆ ಏನೆಂದು ನಿಮಗೂ ಗೊತ್ತು. ವೇಷಭೂಷಣ ಬಾಡಿಗೆಗೆ ತರುವುದು, ಮುಖಕ್ಕೆ ಬಣ್ಣ ಹಾಕಿಸಿಕೊಳ್ಳುವುದು, ಹತ್ತು ನಿಮಿಷ ಕುಣಿಯುವುದು, ಬಾಯಿಪಾಠ ಮಾಡಿದ ನಾಲ್ಕು ಮಾತು ಒಪ್ಪಿಸುವುದು, ಆಮೇಲೆ ಒಂದು ಗಂಟೆ ಫೋಟೊ ತೆಗೆಸಿಕೊಳ್ಳುವುದು. ನಾನು ಎದ್ದು ನಿಂತು 'ತಾಳಮದ್ದಳೆ ಮಾಡೋಣ' ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ನಗು. 'ಕುರ್ಚಿ ಮೇಲೆ ಕೂತು ಮಾತಾಡೋದನ್ನು ನೋಡ್ಲಿಕ್ಕೆ ಯಾರು ಬರ್ತಾರೆ ಮಾರಾಯ?' ಅಂತ ಒಬ್ಬ ಕೇಳಿದ. ಅಲ್ಲಿ ನನಗೆ ಉತ್ತರ ಹೊಳೆಯಲಿಲ್ಲ, ಕೂತುಬಿಟ್ಟೆ. ಆ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಕರಾವಳಿಯವರಲ್ಲದ ಗೆಳೆಯರಿಗಾಗಿ ಮೊದಲು ಎರಡು ಮಾತು. ಯಕ್ಷಗಾನದಿಂದ ವೇಷ, ಬಣ್ಣ, ಕುಣಿತ ತೆಗೆದುಬಿಟ್ಟರೆ ಉಳಿಯುವುದೇ ತಾಳಮದ್ದಳೆ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಚೆಂಡೆ, ಮದ್ದಳೆ, ತಾಳ ಇರುತ್ತವೆ. ಎದುರುಬದುರಾಗಿ ಕೂತ ಅರ್ಥಧಾರಿಗಳು ಒಬ್ಬೊಬ್ಬ ಒಂದೊಂದು ಪಾತ್ರವಾಗಿ ಆ ಪದಕ್ಕೆ ಅರ್ಥ ಹೇಳುತ್ತಾರೆ. ಉಟ್ಟ ಪಂಚೆ, ಹೊದ್ದ ಶಾಲು, ಅಷ್ಟೇ ವೇಷ. ಕೃಷ್ಣ ಕನ್ನಡಕ ಹಾಕಿರಬಹುದು, ರಾವಣನಿಗೆ ಇರುವುದು ಒಂದೇ ತಲೆ. ಅವನಿಗೆ ಹತ್ತು ತಲೆ ಉಂಟು ಅಂತ ನಮಗೆ ಕಾಣಿಸಬೇಕಾದ್ದು ಅವನ ಮಾತಿನಿಂದ. ಪದ ಪುಸ್ತಕದಲ್ಲಿದೆ, ಅರ್ಥ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅಲ್ಲಿಯೇ, ಆ ಹೊತ್ತಿಗೇ, ಎದುರಿನವನ ಮಾತು ಕೇಳಿ ಹುಟ್ಟಬೇಕು.

ಈಗ ಸ್ವಲ್ಪ ದೂರ ಹೋಗುತ್ತೇನೆ, ಬೇಸರಿಸಬೇಡಿ, ಬೇಗ ಮರಳುತ್ತೇನೆ. ವಾಶಿಯಲ್ಲಿರುವ ನನ್ನ ಗೆಳೆಯನೊಬ್ಬ ಮಂಗಳೂರು ಕಡೆಯ ಕ್ರೈಸ್ತ, ಇಗರ್ಜಿಯಲ್ಲಿ ಹಾಡುವವನು. ಒಂದು ದಿನ ಠಾಣೆಯಿಂದ ಲೋಕಲ್ ಗಾಡಿಯಲ್ಲಿ ಹೋಗುವಾಗ ಕಿವಿಗೆ ವೈರು ಸಿಕ್ಕಿಸಿ 'ಇದನ್ನು ಕೇಳು' ಅಂದ. ಇಟಾಲಿಯನ್ ಹಾಡು. ನನಗೆ ಒಂದಕ್ಷರ ತಿಳಿಯಲಿಲ್ಲ. ಅವನು ವಿವರಿಸಿದ. 1771ರಲ್ಲಿ ಮೊಜಾರ್ಟ್ ಎಂಬ ಹದಿನೈದು ವರ್ಷದ ಹುಡುಗ ಇಟಲಿಯ ಪಾದುವಾ ಊರಿನವರ ಕೋರಿಕೆಯ ಮೇಲೆ ಮಾಡಿದ ಸಂಗೀತ ಇದು. ಹೆಸರು 'ಲಾ ಬೆತುಲಿಯಾ ಲಿಬೆರಾತಾ'. ಬೆತುಲಿಯಾ ಎಂಬ ಊರಿನ ಬಿಡುಗಡೆ ಎಂದರ್ಥ. ಸಾಹಿತ್ಯ ಮೆತಸ್ತಾಸಿಯೊ ಎಂಬ ಕವಿಯದು, 1734ರಷ್ಟು ಹಿಂದೆಯೇ ಬರೆದದ್ದು. ಕಥೆ ಕ್ಯಾಥೊಲಿಕರ ಬೈಬಲಿನ ಹಳೆಯ ಒಡಂಬಡಿಕೆಯದು. ಅಸ್ಸೀರಿಯದ ಸೇನಾಪತಿ ಹೊಲೊಫೆರ್ನೆಸ್ ಊರಿಗೆ ಮುತ್ತಿಗೆ ಹಾಕಿ ನೀರು ನಿಲ್ಲಿಸಿದ್ದಾನೆ. ಜನ 'ಶರಣಾಗೋಣ' ಎಂದು ಊರ ಮುಖ್ಯಸ್ಥ ಓಜಿಯನಿಗೆ ದುಂಬಾಲು ಬಿದ್ದಿದ್ದಾರೆ. ಆಗ ಯೂದಿತ್ ಎಂಬ ವಿಧವೆ ಶತ್ರುಪಾಳೆಯಕ್ಕೆ ಹೋಗಿ ಸೇನಾಪತಿಯ ತಲೆ ಕಡಿದು ತರುತ್ತಾಳೆ.

'ಹಾಗಾದರೆ ರಂಗದ ಮೇಲೆ ಭಾರೀ ಯುದ್ಧ ತೋರಿಸ್ತಾರೇನೋ' ಅಂದೆ. 'ಇಲ್ಲ ಮಾರಾಯ, ಏನೂ ತೋರಿಸುವುದಿಲ್ಲ. ವೇಷ ಇಲ್ಲ, ಪರದೆ ಇಲ್ಲ, ಅಭಿನಯ ಇಲ್ಲ. ಸುಮ್ಮನೆ ನಿಂತು ಹಾಡುತ್ತಾರೆ. ತಲೆ ಕಡಿದದ್ದನ್ನು ಅವಳು ಬಂದು ಬಾಯಿಯಲ್ಲಿ ಹೇಳುತ್ತಾಳೆ. ಇದಕ್ಕೆ ಒರಟೋರಿಯೊ ಅನ್ನುತ್ತಾರೆ' ಅಂದ. ನಾನು ಗಾಡಿಯಲ್ಲಿ ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: 'ಇದು ತಾಳಮದ್ದಳೆಯೇ ಅಲ್ವಾ!'

ಆಮೇಲೆ ಹುಡುಕಿ ಓದಿದೆ. ಒರಟೋರಿಯೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಪ್ರಾರ್ಥನೆಯ ಕೋಣೆ. ರೋಮಿನಲ್ಲಿ ಫಿಲಿಪ್ಪೊ ನೆರಿ ಎಂಬ ಸಂತ 16ನೇ ಶತಮಾನದಲ್ಲಿ ಇಂಥ ಕೋಣೆಯಲ್ಲಿ ಜನರನ್ನು ಸೇರಿಸಿ ಪ್ರಾರ್ಥನೆ, ಪ್ರವಚನ, ಹಾಡು ನಡೆಸುತ್ತಿದ್ದ. ಆ ಹಾಡು ಬೆಳೆಯುತ್ತ ಬೆಳೆಯುತ್ತ ಕಥೆಯಾಯಿತು, ಕೋಣೆಯ ಹೆಸರೇ ಕಲೆಯ ಹೆಸರಾಯಿತು. ಈಸ್ಟರಿಗೆ ಮೊದಲಿನ ನಲವತ್ತು ದಿನದ ವ್ರತದ ಕಾಲದಲ್ಲಿ ಇಟಲಿಯ ಎಷ್ಟೋ ಊರುಗಳಲ್ಲಿ ನಾಟಕಶಾಲೆಗಳಿಗೆ ಬಾಗಿಲು. ಸಂಗೀತದ ಹಸಿವಿಗೆ ಮಾತ್ರ ಬಾಗಿಲು ಹಾಕಲಿಕ್ಕೆ ಆಗುತ್ತದೆಯೇ? ಬಣ್ಣ, ವೇಷ ಬಿಟ್ಟು ಧರ್ಮದ ಕಥೆಯನ್ನು ಕೂತು ಕೇಳುವ ಈ ಕಲೆ ಆ ದಿನಗಳಲ್ಲಿ ಹುಲುಸಾಗಿ ಬೆಳೆಯಿತು.

ನಮ್ಮಲ್ಲಿ? ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆ. ಬಯಲಿನಲ್ಲಿ ಆಟ ಆಡುವಂತಿಲ್ಲ. ಆಗ ದೇವಸ್ಥಾನದ ಜಗಲಿಯಲ್ಲೋ, ಯಾರದೋ ಮನೆಯ ಚಾವಡಿಯಲ್ಲೋ ತಾಳಮದ್ದಳೆ. ಅಲ್ಲಿ ವ್ರತ, ಇಲ್ಲಿ ಮಳೆ. ಎರಡು ಕಡೆಯೂ ರಂಗಸ್ಥಳ ಮುಚ್ಚಿದಾಗ ಮಾತು ಮತ್ತು ಹಾಡು ತಮ್ಮ ಕಾಲ ಮೇಲೆ ತಾವು ನಿಂತವು. ಇವರು ಅವರಿಂದ ಕಲಿತದ್ದಲ್ಲ, ಅವರು ಇವರಿಂದ ಕಲಿತದ್ದೂ ಅಲ್ಲ. ಇನ್ನೊಂದು ವಿಷಯ ಗೊತ್ತುಂಟಾ? ಊರಲ್ಲಿ ಮಳೆ ಹಿಡಿದಾಗ ಅಲ್ಲಿಯ ಅರ್ಥಧಾರಿಗಳು ಮುಂಬಯಿಗೆ ಬರುತ್ತಾರೆ, ಈ ನಗರದಲ್ಲಿ ಸರಣಿ ತಾಳಮದ್ದಳೆಗಳು ನಡೆಯುತ್ತವೆ. ಕೇಳುವವರಲ್ಲಿ ಹೆಚ್ಚಿನವರು ನಮ್ಮ ಅಪ್ಪಂದಿರು, ಮಾವಂದಿರು. ನಾವು ಎಲ್ಲಿ?

ಬೆತುಲಿಯಾದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತಲೆ ಕಡಿಯುವ ಭಾಗ ಅಲ್ಲ, ಎರಡನೇ ಭಾಗದ ಆರಂಭ. ಹೊರಗೆ ಮುತ್ತಿಗೆ, ಯೂದಿತ್ ಏನಾದಳೋ ತಿಳಿಯದು. ಆಗ ಊರಿನೊಳಗೆ ಇಬ್ಬರು ಕೂತು ವಾದ ಮಾಡುತ್ತಾರೆ. ಒಬ್ಬ ಓಜಿಯ. ಇನ್ನೊಬ್ಬ ಅಕಿಯೋರ್, ಅಮ್ಮೋನಿಯರ ನಾಯಕ, ಹಲವು ದೇವರನ್ನು ನಂಬಿದವನು. ದೇವರು ಒಬ್ಬನೋ ಹಲವರೋ ಎಂಬುದು ವಾದ. ಓಜಿಯ ತರ್ಕದ ಮೇಲೆ ತರ್ಕ ಹೂಡುತ್ತಾನೆ. ಅಕಿಯೋರನಿಗೆ ಉತ್ತರ ಕೊಡಲಾಗುವುದಿಲ್ಲ, ಆದರೂ ಒಪ್ಪುವುದಿಲ್ಲ, ಮತ್ತೆ ಸಂಶಯಕ್ಕೇ ಹಿಂತಿರುಗುತ್ತಾನೆ. ಊರಿಗೆ ಊರೇ ಸಾಯುವ ಹೊತ್ತಿನಲ್ಲಿ ಇದೆಂಥ ವಾದ ಅಂತ ಯಾರಾದರೂ ನಕ್ಕಾರು. ತಾಳಮದ್ದಳೆ ಕೇಳಿದವನು ನಗುವುದಿಲ್ಲ. ನಮ್ಮ ವಾಲಿಯೂ ಎದೆಗೆ ಬಾಣ ನೆಟ್ಟ ಮೇಲೆಯೇ ಅಲ್ಲವೇ ಮಾತಿಗೆ ಶುರುಮಾಡುವುದು?

ಆ ಸನ್ನಿವೇಶವನ್ನೊಮ್ಮೆ ನೆನೆಯಿರಿ. ಮರದ ಮರೆಯಲ್ಲಿ ನಿಂತು ಹೊಡೆದೆ. ನಾನು ನಿನಗೇನು ಅನ್ಯಾಯ ಮಾಡಿದ್ದೆ? ಅಯೋಧ್ಯೆಯವನಿಗೆ ಕಿಷ್ಕಿಂಧೆಯಲ್ಲಿ ಏನು ಅಧಿಕಾರ? ಹೀಗೆ ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ಆಗಬೇಕು, ಅದು ರಾಜಧರ್ಮ ಎಂದು ರಾಮ ಹೇಳುತ್ತಾನೆ. ಕಥೆಯಲ್ಲಿ ವಾಲಿ ಸಾಯಲೇಬೇಕು, ಅದನ್ನು ಯಾರೂ ತಪ್ಪಿಸಲಾರರು. ಆದರೆ ಮಾತಿನಲ್ಲಿ ವಾಲಿ ಗೆಲ್ಲಬಹುದು! ಗೆದ್ದದ್ದೂ ಉಂಟು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳಿಗೆ ಅರ್ಥ ಹೇಳಿಯೇ ದೊಡ್ಡ ಹೆಸರು ಪಡೆದವರು. ಸೋಲುವವನ ಕಡೆಗೂ ಒಂದು ನ್ಯಾಯ ಉಂಟು, ಅದನ್ನು ಪೂರ್ತಿ ಕೇಳದೆ ತೀರ್ಪು ಕೊಡಬೇಡ ಎಂದು ಈ ಕಲೆ ಹೇಳುತ್ತದೆ. ಇಂದಿನ ದಿನಗಳಲ್ಲಿ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೇ?

ಒಂದು ವ್ಯತ್ಯಾಸವನ್ನು ಮರೆಯಬಾರದು. ಒರಟೋರಿಯೊದಲ್ಲಿ ಸ್ವರವನ್ನೂ ಮಾತನ್ನೂ ಮೊದಲೇ ಬರೆದಿಟ್ಟಿರುತ್ತದೆ. 1771ರಲ್ಲಿ ಮೊಜಾರ್ಟ್ ಬರೆದದ್ದನ್ನೇ ಇವತ್ತೂ ಹಾಡುತ್ತಾರೆ. ಅವರ ಅಕಿಯೋರ್ ಎಂದೆಂದಿಗೂ ಅಷ್ಟೇ ಮಾತಾಡುತ್ತಾನೆ. ನಮ್ಮ ವಾಲಿಗೆ ನಿನ್ನೆ ಒಂದು ಮಾತು, ಇವತ್ತು ಇನ್ನೊಂದು. ಆದ್ದರಿಂದಲೇ ಅವರ ಕಲೆ ಕಾಗದದಲ್ಲಿ ಬದುಕುತ್ತದೆ. ನಮ್ಮದು ಬದುಕಬೇಕಾದರೆ ಮಾತಾಡುವ ಬಾಯಿಗಳೇ ಬೇಕು. ಬಾಯಿ ನಿಂತ ದಿನ ಕಲೆ ಸತ್ತಿತು.

ಬಾಯಿ ನಿಲ್ಲುವುದೆಂದರೆ ಏನೆಂದು ನನಗೆ ಗೊತ್ತು. ನನ್ನದೇ ಕಥೆ ಹೇಳಿಬಿಡುತ್ತೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದವನೇ. ಆಮೇಲೆ ಕಾಮರ್ಸ್. ಅಕೌಂಟ್ಸು, ಆಡಿಟಿಂಗು, ಎಲ್ಲ ಇಂಗ್ಲಿಷಿನಲ್ಲಿ. ಕ್ಲಾಸಿನ ಹೊರಗೆ ಹಿಂದಿ, ರಿಕ್ಷಾದವನ ಹತ್ತಿರ ಮರಾಠಿ. ಕನ್ನಡ ಉಳಿದದ್ದು ಅಮ್ಮನ ಹತ್ತಿರ 'ಊಟ ಆಯ್ತಾ, ಗಾಡಿ ಲೇಟು' ಅನ್ನಲಿಕ್ಕೆ. ಹೋದ ಮಳೆಗಾಲದಲ್ಲಿ ಡೊಂಬಿವಲಿಯ ಒಂದು ಮನೆಯಲ್ಲಿ ಹವ್ಯಾಸಿಗಳ ತಾಳಮದ್ದಳೆ. ಸುಗ್ರೀವನ ಅರ್ಥ ಹೇಳಬೇಕಾದವರು ಗಾಡಿ ನಿಂತು ಕಲ್ಯಾಣದಲ್ಲೇ ಸಿಕ್ಕಿಕೊಂಡರು. 'ನೀನು ಕೂತುಕೋ ಮಗಾ, ಕನ್ನಡದಲ್ಲಿ ಓದಿದವನಲ್ವಾ' ಅಂತ ಭಾಗವತರು ನನ್ನನ್ನು ಎಳೆದು ಕೂರಿಸಿದರು.

ಪದ ಮುಗಿಯಿತು. ಮದ್ದಳೆ ನಿಂತಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಅಣ್ಣನಿಗೆ ಹೆದರಿ ಕಾಡು ಸೇರಿದವನ ಸಂಕಟ ನನಗೆ ತಿಳಿಯದ್ದಲ್ಲ, ಮನಸ್ಸಿನಲ್ಲಿ ತುಂಬಿಯೇ ಇತ್ತು. ಆದರೆ ಮಾತು ಬರಲಿಲ್ಲ. ಮೂರು ವಾಕ್ಯ ಹೇಳಿದೆ. ನಾಲ್ಕನೆಯದರ ನಡುವೆ 'ಆಕ್ಚುಲಿ' ಅಂದುಬಿಟ್ಟೆ. ಎಲ್ಲರೂ ನಕ್ಕರು. ರಾಮನ ಅರ್ಥಧಾರಿಗಳು ದೊಡ್ಡವರು. ನನ್ನ ಆ ಮೂರು ವಾಕ್ಯವನ್ನೇ ಎತ್ತಿಕೊಂಡು, 'ಮಿತ್ರನೇ, ದುಃಖ ಹೆಚ್ಚಾದಾಗ ಮಾತು ಕಟ್ಟುತ್ತದೆ' ಎಂದು ನನ್ನ ಮರ್ಯಾದೆ ಉಳಿಸಿದರು. ರಾತ್ರಿ ನಿದ್ದೆ ಹತ್ತಲಿಲ್ಲ. ನನಗೆ ಕನ್ನಡ ಬರುತ್ತದೆ ಅಂದುಕೊಂಡಿದ್ದೆ. ಬರುತ್ತಿದ್ದದ್ದು ಓದಲಿಕ್ಕೆ, ಅಡುಗೆಮನೆಯಲ್ಲಿ ಮಾತಾಡಲಿಕ್ಕೆ. ಕನ್ನಡದಲ್ಲಿ ಯೋಚಿಸಿ ವಾದಿಸಲಿಕ್ಕೆ ಬರುತ್ತಿರಲಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ಉಂಟು ಅಂತ ನಂಬಿ ಕೂತಿದ್ದೆ, ಪೆಟ್ಟಿಗೆ ತೆರೆದರೆ ಬರೀ ಚಿಲ್ಲರೆ.

ವೇಷ ಹಾಕಿಕೊಂಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಿರೀಟದ ಹಿಂದೆ ಅಡಗಿ ಎರಡು ಸುತ್ತು ಕುಣಿದು ಒಳಗೆ ಹೋಗುತ್ತಿದ್ದೆ, ಚಪ್ಪಾಳೆಯೂ ಬೀಳುತ್ತಿತ್ತು. ನಾನು ವೇಷ ಬೇಡ ಅನ್ನುವುದು ಇದಕ್ಕೇ. ಆಟದ ಮೇಲೆ ನನಗೆ ಕೋಪವಿಲ್ಲ. ನಮ್ಮ ಕೊರತೆ ನಮಗೆ ಕಾಣದ ಹಾಗೆ ವೇಷ ಮುಚ್ಚಿಬಿಡುತ್ತದೆ ಎಂಬ ಭಯ, ಅಷ್ಟೇ.

ಇನ್ನು ಆಕ್ಷೇಪಣೆಗಳು. 'ಇದು ಮಂಗಳೂರು-ಉಡುಪಿಯವರದು, ನಮಗೇನು?' ಅಂತ ಕಲಬುರಗಿ, ವಿಜಯಪುರ ಕಡೆಯ ಗೆಳೆಯರು ಕೇಳುತ್ತಾರೆ. ನಿಮ್ಮ ಹರದೇಶಿ-ನಾಗೇಶಿ ಯಾಕೆ ಮರೆತಿರಿ? ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಸವಾಲು-ಜವಾಬು ನಡೆಸುವ ಕಲೆ ಅದು. ನಮ್ಮ ಮರಾಠಿ ಗೆಳೆಯರ ಕಲಗಿ-ತುರಾ ಕೂಡ ಅದೇ ಜಾತಿಯದು. ತಾಳಮದ್ದಳೆಯ ಪಕ್ಕದಲ್ಲೇ ಅವನ್ನೂ ಇಡೋಣ, ಬೇಡ ಅಂದವರು ಯಾರು?

'ಹುಡುಗಿಯರಿಗೆ ಏನು ಉಂಟು ಇದರಲ್ಲಿ?' ಅಂತ ಒಬ್ಬಳು ಕೇಳಿದಳು. 1716ರಲ್ಲಿ ವೆನಿಸಿನಲ್ಲಿ ವಿವಾಲ್ಡಿ ಇದೇ ಯೂದಿತ್ ಕಥೆಗೆ ಲ್ಯಾಟಿನಿನಲ್ಲಿ ಸಂಗೀತ ಮಾಡಿದ. ಹಾಡಿದವರೆಲ್ಲ ಪಿಯೆತಾ ಎಂಬ ಅನಾಥಾಲಯದ ಹೆಣ್ಣುಮಕ್ಕಳು, ಸೇನಾಪತಿ ಹೊಲೊಫೆರ್ನೆಸ್ ಸಹಿತ! ನಮ್ಮಲ್ಲಿಯೂ ಇಂದು ಮಹಿಳೆಯರ ತಾಳಮದ್ದಳೆ ತಂಡಗಳು ಉಂಟು. ವೇಷ ಇಲ್ಲದ ಕಡೆ ಮೀಸೆಯ ಪ್ರಶ್ನೆ ಎಲ್ಲಿಂದ ಬಂತು? ನಮ್ಮ ಮಂಡಳಿಯಲ್ಲಿ ವಾಲಿಯಾಗಬಲ್ಲ ಹುಡುಗಿಯರು ಇಬ್ಬರಾದರೂ ಇದ್ದಾರೆ, ಅವರ ಜಗಳ ನಾನು ಕೇಳಿದ್ದೇನೆ.

'ಎಲ್ಲ ಪುರಾಣ, ಎಲ್ಲ ದೇವರು' ಅನ್ನುವವರಿಗೆ ಒಂದು ಮಾತು. ಕೂತು ಹಾಡಿ ಕಥೆ ಕೇಳಿಸುವುದು ಯಾವ ಒಂದು ಮತದ ಸ್ವತ್ತೂ ಅಲ್ಲ. ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಅದೇ ಕಿಟೆಲ್ 1862ರಲ್ಲಿ ಕ್ರಿಸ್ತನ ಬದುಕನ್ನು ಕನ್ನಡದ ಪದ್ಯಗಳಲ್ಲಿ 'ಕಥಾಮಾಲೆ' ಎಂದು ಕಟ್ಟಿದರು. ಜರ್ಮನಿಯವರಿಗೆ ಬೈಬಲಿನ ಕಥೆಯನ್ನು ನಮ್ಮ ಛಂದಸ್ಸಿಗೆ ತರಲಿಕ್ಕೆ ಆಯಿತು. ನಮಗೆ ನಮ್ಮ ಕಥೆಯನ್ನು ನಮ್ಮ ಬಾಯಿಗೆ ತರಲಿಕ್ಕೆ ಯಾಕೆ ಆಗಬಾರದು?

ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಕೆಲವೊಮ್ಮೆ ಅರ್ಥಧಾರಿಗಳು ಪಾತ್ರ ಬಿಟ್ಟು ತಮ್ಮ ಪಾಂಡಿತ್ಯವನ್ನೇ ಮೆರೆಸುತ್ತಾರೆ. ಶ್ಲೋಕದ ಮೇಲೆ ಶ್ಲೋಕ, ಮಾತು ಮುಗಿಯುವುದೇ ಇಲ್ಲ, ವಾದ ಹೋಗಿ ಹಟವಾಗುತ್ತದೆ. ಕೇಳುವವರು ಆಕಳಿಸುತ್ತಾರೆ, ನಾನೂ ಆಕಳಿಸಿದ್ದೇನೆ. ಆದರೆ ನಾವು ಮಾಡುವಾಗ ಅದನ್ನು ತಿದ್ದಬಹುದಲ್ಲ? ಒಂದು ಗಂಟೆ ಸಾಕು. ನಮ್ಮ ಕನ್ನಡದಲ್ಲೇ ಹೇಳೋಣ. ತಿಳಿಯದ ಶಬ್ದ ಬೇಡ. ತಪ್ಪಿದರೆ ಎದುರಿನವನು ಕೈಹಿಡಿದು ಎತ್ತಬೇಕು, ನನ್ನನ್ನು ಆ ರಾಮ ಎತ್ತಿದ ಹಾಗೆ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ, ನಾನು ಕಾಮರ್ಸಿನವನಲ್ಲವೇ. ವೇಷದ ಬಾಡಿಗೆ ಇಲ್ಲ, ಬಣ್ಣದವರ ಸಂಭಾವನೆ ಇಲ್ಲ. ಒಬ್ಬರು ಭಾಗವತರು, ಚೆಂಡೆ-ಮದ್ದಳೆಗೆ ಇಬ್ಬರು, ನಾಲ್ಕು ಕುರ್ಚಿ, ಎರಡು ಮೈಕು, ಕೊನೆಗೆ ಎಲ್ಲರಿಗೂ ಚಹಾ. ಉಳಿದ ಬಂಡವಾಳ ಪೂರ್ತಿ ನಮ್ಮ ಬಾಯಿಯದು.

'ಯಾರು ಬರ್ತಾರೆ' ಅಂತ ಕೇಳಿದೆಯಲ್ಲ ಗೆಳೆಯಾ? ಬೆತುಲಿಯಾದವರಿಗೆ ಹೊರಗಿನವನು ನೀರು ನಿಲ್ಲಿಸಿದ್ದ. ನಮಗೆ ಯಾರೂ ನಿಲ್ಲಿಸಿಲ್ಲ. ನಾವೇ ನಲ್ಲಿ ತಿರುಗಿಸಿ ಬಂದ್ ಮಾಡಿ ಬಾಯಾರಿಕೆ ಅನ್ನುತ್ತಿದ್ದೇವೆ. ಹತ್ತು ಜನ ಬಂದರೂ ಸಾಕು. ಪ್ರಸಂಗ ವಾಲಿವಧೆ. ಸುಗ್ರೀವನ ಅರ್ಥ ನನಗೇ ಕೊಡಿ, ನನ್ನದೊಂದು ನಾಲ್ಕನೇ ವಾಕ್ಯ ಬಾಕಿ ಉಂಟು. ವಾಲಿ ಆಗುವವರು ಯಾರು? ಮುಂದಿನ ಶನಿವಾರದ ಸಭೆಗೆ ಬಂದು ಹೆಸರು ಕೊಡಿ.