ಹೊಂಡದ ನೀರು ತಿಳಿ ಆಗಲಿಕ್ಕೆ ದೊಡ್ಡ ಪಂಪ್ ಬ್ಯಾಡ

ಅಕ್ಕಾರ, ಹಿತ್ತಲದ ಹೊಂಡ ಹಸಿರಾತು ಅಂದಕೂಡಲೆ ದೊಡ್ಡ ಪಂಪ್ ತರಲಿಕ್ಕೆ ಓಡತಾರಲ್ಲಾ, ಅದು ನನಗ ಸರಿ ಅನಸೂದಿಲ್ಲ. ಹಸಿರಾಗೂದು ಪಾಚಿಯಿಂದ. ಪಾಚಿ ಬೆಳಿಯೂದು ಬಿಸಲು, ಕೊಳತ ಎಲಿ, ಮೀನು ತಿಂದು ಉಳದ ತಿನಿಸಿನಿಂದ. ಎಲಿ ತಗೀರಿ, ತಿನಿಸು ಕಡಿಮಿ ಮಾಡ್ರಿ, ಅರ್ಧ ಹೊಂಡಕ್ಕ ನೈದಿಲಿ ಎಲಿ ನೆರಳಿರಲಿ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬ್ಯಾಡ್ರಿ, ಕಪ್ಪಿ ಮರಿ ಸಾಯತಾವ.

ಪಂಪ್ ಬೇಕಽ ಬೇಕು ಅಂದ್ರ ಸಣ್ಣದು ತರ್ರಿ. 500 ಲೀಟರ್ ಹೊಂಡಕ್ಕ ತಾಸಿಗೆ 250 ಲೀಟರ್ ತಿರುಗಿದ್ರ ಸಾಕು. ಎತ್ತರಕ್ಕ ಏರಿಸಿದಷ್ಟು ನೀರು ಕಡಿಮಿ ಬರತದ, ಅದನ್ನ ಅಂಗಡಿಯಾಗ ಕೇಳಿ ತಗೋರಿ. ನೀರು ಎಳಕೊಳ್ಳೂ ಬಾಯಿಗೆ ಸ್ಪಂಜ್ ಕಟ್ರಿ, ಇಲ್ಲಾಂದ್ರ ಕಪ್ಪಿ ಮರಿ ಒಳಗ ಸಿಗತಾವ. ಮಕ್ಕಳು ಕೈಯಾಡಸೂ ನೀರು. ಕರೆಂಟ್ ಸೋರಿದ್ರ ತಾನಽ ಬಂದ್ ಆಗೂ ಆರ್‌ಸಿಸಿಬಿ ಹಾಕಸಲೇಬೇಕು.

ನೀರು ಕನ್ನಡಿ ಹಂಗ ಇರಬೇಕಂತಿಲ್ಲ. ಸೊಳ್ಳಿ ಮರಿ ತಿನ್ನೂ ಜೀವ ಅದರಾಗ ಉಳದ್ರ, ಅದಽ ಛಲೋ ಹೊಂಡ.