ನೀರಿನ ಚೀಲ ಗಂಡನ ಹೆಗಲಿಗಿರಲಿ

ಕಾಡುದಾರಿಯಲ್ಲಿ ಮ್ಯಾರಥಾನಿನ 42.195 ಕಿ.ಮೀ.ಗಿಂತಲೂ ಹೆಚ್ಚು ಓಡುವ, ಬೆನ್ನಿಗೆ ಚೀಲ ಕಟ್ಟಿ ದಿನಗಟ್ಟಲೆ ನಡೆಯುವ ದಂಪತಿಗಳು ನಮ್ಮ ರಾಜ್ಯದಲ್ಲೂ ಇದ್ದಾರೆ. ಅದು ನಮಗಲ್ಲ ಎನ್ನಬೇಡಿ. ಪ್ರಯಾಣವೊಂದರ ನಡುವೆ ಪ್ರವಾದಿಯವರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದಲ್ಲಿ ಸ್ಪರ್ಧಿಸಿದ್ದರು. ಮೊದಲ ಸಲ ಗೆದ್ದವರು ಆಯಿಶಾ(ರ).

ಚನ್ನಪಟ್ಟಣದಲ್ಲಿ ಬೊಂಬೆ ಕೆಲಸಕ್ಕೋ ಅಂಗಡಿಯಲ್ಲೋ ದಿನವಿಡೀ ಕುಳಿತಿರುವ ನಮಗೆ ಬೆಟ್ಟ ದೂರವಿಲ್ಲ. ಮೆಟ್ಟಿಲುಗಳಿರುವ ರಾಮನಗರದ ರಾಮದೇವರ ಬೆಟ್ಟದಿಂದ ಆರಂಭಿಸಿ. ಮಾಗಡಿಯ ಸಾವನದುರ್ಗ 1226 ಮೀಟರ್ ಎತ್ತರದ ನುಣುಪು ಬಂಡೆ. ಅಭ್ಯಾಸವಾದ ಮೇಲೆ, ಮಳೆಯಿಲ್ಲದ ದಿನ, ಅನುಮತಿ ವಿಚಾರಿಸಿ ಹೊರಡಿ.

ಗಂಡಂದಿರಿಗೆ ಒಂದು ಮಾತು. ದಾರಿಯಲ್ಲಿ ಶೌಚಾಲಯ ಸಿಗದೆಂದು ಎಷ್ಟೋ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದಿಲ್ಲ. ಬಿಸಿಲಲ್ಲಿ ಬೆವರು ಸುರಿದು ತಲೆ ಸುತ್ತುತ್ತದೆ. ಮೂತ್ರ ತಡೆದುಕೊಂಡರೆ ಸೋಂಕೂ ತಗಲಬಹುದು. ನೀವು ಮುಂದೆ ಹೋಗಿ ಮೇಲೆ ನಿಂತು 'ಬೇಗ ಬಾ' ಎಂದು ಕೂಗಿದರೆ ಆಕೆ ಈ ಸಂಕಟವನ್ನು ಹೇಳುವುದಾದರೂ ಯಾರಿಗೆ?

ಆದ್ದರಿಂದ ಶೌಚಾಲಯ ಎಲ್ಲಿದೆಯೆಂದು ಮೊದಲೇ ವಿಚಾರಿಸಿಡಿ. ನೀರಿನ ಭಾರ ನೀವು ಹೊರಿ. ಆಗಾಗ ಇಬ್ಬರೂ ಗುಟುಕು ಗುಟುಕಾಗಿ ಕುಡಿಯಿರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಬಾಟಲಿಯೂ ಜೊತೆಗಿರಲಿ. ನಡಿಗೆಯ ವೇಗವನ್ನು ಆಕೆಯೇ ನಿರ್ಧರಿಸಲಿ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಗಂಡಸರಿಗಷ್ಟೇ ಹೇಳಿದ್ದಲ್ಲ. ಅರ್ಧದಾರಿಯಲ್ಲಿ ಆಕೆ 'ಸಾಕು' ಎಂದರೆ ಒಟ್ಟಿಗೇ ಇಳಿದು ಬನ್ನಿ. ಬೆಟ್ಟ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ.